ಗಿರಣಿಯ ಪಾಳಿ, ನಾಲೆಯ ಸರದಿ

1972ರ ಅಕ್ಟೋಬರ್‌ನಿಂದ 1973ರ ಸೆಪ್ಟೆಂಬರ್‌ವರೆಗೆ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದೇಶದುದ್ದಕ್ಕೂ ಮನೆಬಾಗಿಲಿಗೆ ಹೋಗಿ ಜನರ ದುಡಿಮೆಯ ಲೆಕ್ಕವನ್ನು ಹೊಸ ರೀತಿಯಲ್ಲಿ ಬರೆದುಕೊಂಡರು. ಕೆಲಸ ಇದೆಯೋ ಇಲ್ಲವೋ ಎಂದು ಕೇಳಿ ಮುಂದಿನ ಮನೆಗೆ ಹೋದರೆ ಸಾಲದಾಗಿತ್ತು. ಕಳೆದ ಏಳು ದಿನಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿ ದಿನವನ್ನೂ ಎರಡು ಅರ್ಧ ಮಾಡಿ, ಯಾವ ಅರ್ಧದಲ್ಲಿ ದುಡಿದಿರಿ, ಯಾವ ಅರ್ಧದಲ್ಲಿ ಕೆಲಸಕ್ಕೆ ಸಿದ್ಧರಿದ್ದೂ ಕೆಲಸ ಸಿಗಲಿಲ್ಲ ಎಂದು ವಿಚಾರಿಸಬೇಕಿತ್ತು. ಇದರ ಹಿಂದೆ ಇದ್ದದ್ದು ಎಂ.ಎಲ್. ದಾಂತವಾಲಾ ಅಧ್ಯಕ್ಷತೆಯ ತಜ್ಞರ ಸಮಿತಿ 1970ರಲ್ಲಿ ಕೊಟ್ಟ ವರದಿ. ಕೂಲಿಕಾರರು, ಸಣ್ಣ ಹಿಡುವಳಿದಾರರು, ಮನೆಮಂದಿಯೆಲ್ಲ ಸೇರಿ ದುಡಿಯುವ ಕುಟುಂಬಗಳು ತುಂಬಿರುವ ದೇಶದಲ್ಲಿ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹೇಳಲು ಹೊರಡುವುದೇ ತಪ್ಪು ಎಂದು ಆ ಸಮಿತಿ ಹೇಳಿತ್ತು. ಆ ಮಾತು ಎಷ್ಟು ಸರಿ ಎಂದು ನೋಡಬೇಕಾದರೆ ದಾವಣಗೆರೆ, ಹರಿಹರ, ಮಲೆಬೆನ್ನೂರು ಈ ಮೂರು ಊರುಗಳ ಚರಿತ್ರೆಯನ್ನು ಒಟ್ಟಿಗೆ ಓದಬೇಕು. ನಲವತ್ತು ಕಿಲೊಮೀಟರ್‌ನೊಳಗೆ ಇಲ್ಲಿ ಹತ್ತಿ ಗಿರಣಿಯ ಪಾಳಿಗಾರ, ಲೇತ್ ತಯಾರಿಸುವ ಕುಶಲಕರ್ಮಿ, ಮಂಡಿಯ ಹಮಾಲಿ, ಬೀಡಿ ಸುತ್ತುವವಳು, ಭತ್ತದ ನಾಟಿ ಮಾಡುವವಳು ಎಲ್ಲರೂ ಇದ್ದರು. ಗಿರಣಿಗಳು ಮುಚ್ಚಿದ ಮೇಲೆ ಈ ಸೀಮೆ ಕಳೆದುಕೊಂಡದ್ದೇನು ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೆಲಸ ಹೋದವರ ತಲೆ ಎಣಿಸಿ ಉತ್ತರ ಹೇಳುತ್ತೇವೆ. ಆ ಎಣಿಕೆ ನಮ್ಮನ್ನು ದಾರಿ ತಪ್ಪಿಸಿದೆ ಎಂಬುದು ನನ್ನ ವಾದ. ಇಲ್ಲಿ ಕಳೆದುಹೋದದ್ದು ಕೆಲಸದ ದಿನಗಳು, ನಾಳೆಯೂ ಕೆಲಸ ಇರುತ್ತದೆ ಎಂಬ ಭರವಸೆ. ಆ ನಷ್ಟದ ದೊಡ್ಡ ಪಾಲನ್ನು ಹೊತ್ತವರು ಲೆಕ್ಕದ ಪುಸ್ತಕದಲ್ಲಿ ಹೆಸರೇ ಇಲ್ಲದ ಹೆಂಗಸರು.

ದಾವಣಗೆರೆ ವ್ಯಾಪಾರದ ಊರಾಗಿದ್ದು ಹೈದರಾಲಿಯ ಕಾಲದಿಂದ. ಆತ ಮರಾಠ ಸರದಾರ ಅಪೋಜಿರಾಮನಿಗೆ ಜಹಗೀರಾಗಿ ಕೊಟ್ಟ ಈ ಊರಿಗೆ ವರ್ತಕರು ಬಂದು ನೆಲೆಸಿದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬೆಂಗಳೂರಿನಿಂದ ಹರಿಹರ ದಾಟಿ ಹುಬ್ಬಳ್ಳಿ, ಪುಣೆಗಳತ್ತ ಹೋಗುವ ರೈಲು ಬಂದಮೇಲೆ ಸುತ್ತಲಿನ ಎರೆಭೂಮಿಯ ಹತ್ತಿ ಇಲ್ಲಿಗೆ ಹರಿಯಿತು. ಮೊದಲು ಜಿನ್ನಿಂಗ್, ಪ್ರೆಸ್ಸಿಂಗ್ ಕಾರ್ಖಾನೆಗಳು ಎದ್ದವು. 1930ರ ದಶಕದಲ್ಲಿ ನೂಲಿನ ಗಿರಣಿಯೂ ಬಂತು. ದಾವಣಗೆರೆ ಕಾಟನ್ ಮಿಲ್ಸ್ ಹೆಸರು ಇಂದಿಗೂ ಡಿಸಿಎಂ ಟೌನ್‌ಶಿಪ್ ಎಂಬ ಬಡಾವಣೆಯಲ್ಲಿ ಉಳಿದಿದೆ. ನಂತರದ ದಶಕಗಳಲ್ಲಿ ಒಂದರ ಹಿಂದೆ ಒಂದು ಗಿರಣಿ ಸೇರಿ, ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ಇದನ್ನು ಕಟ್ಟಿದವರು ಬಹುಪಾಲು ಸ್ಥಳೀಯ ವರ್ತಕರು. ಹತ್ತಿ, ಕಾಳು, ಎಣ್ಣೆಬೀಜದ ವ್ಯಾಪಾರದಲ್ಲಿ ಕೂಡಿಟ್ಟ ಹಣವೇ ಮಗ್ಗವಾಯಿತು, ಕದಿರಾಯಿತು. ಮುಂದೆ ಗಿರಣಿಗೆ ಕಷ್ಟ ಬಂದಾಗ ಈ ಸಂಗತಿ ಮುಖ್ಯವಾಗುತ್ತದೆ, ಏಕೆಂದರೆ ವ್ಯಾಪಾರದಿಂದ ಬಂದ ಹಣಕ್ಕೆ ಮತ್ತೆ ಬೇರೆ ವ್ಯಾಪಾರಕ್ಕೆ ಹೋಗುವ ದಾರಿ ಯಾವಾಗಲೂ ತೆರೆದಿರುತ್ತದೆ. ಗಿರಣಿಯ ಕೆಲಸ ಬಿಟ್ಟು ಬೇರೆ ಕಸುಬು ಕಲಿಯದವನಿಗೆ ಅಂಥ ದಾರಿ ಇರುವುದಿಲ್ಲ.

ಹರಿಹರದ ಕತೆ ಬೇರೆ. 1941ರಲ್ಲಿ ಮೈಸೂರು ಸಂಸ್ಥಾನದ ಪ್ರೋತ್ಸಾಹದಿಂದ ಕಿರ್ಲೋಸ್ಕರ್ ಮನೆತನ ತುಂಗಭದ್ರೆಯ ದಡದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭಿಸಿತು. ಲೇತ್ ಮತ್ತಿತರ ಯಂತ್ರೋಪಕರಣಗಳನ್ನು, ಅಂದರೆ ಯಂತ್ರಗಳನ್ನು ಮಾಡುವ ಯಂತ್ರಗಳನ್ನು, ತಯಾರಿಸಿದ ದೇಶದ ಮೊದಮೊದಲ ಕಾರ್ಖಾನೆಗಳಲ್ಲಿ ಇದೂ ಒಂದು. ನೌಕರರಿಗಾಗಿ ಯಂತ್ರಾಪುರ ಎಂಬ ಬಡಾವಣೆ, ಶಾಲೆ ಬಂದವು. ಮಿಲ್ಲಿನ ಕೆಲಸವನ್ನು ಕೆಲವು ತಿಂಗಳಲ್ಲಿ ಕಲಿಯಬಹುದು, ಲೇತ್ ತಯಾರಿಕೆಗೆ ವರ್ಷಗಳ ತಾಲೀಮು ಬೇಕು. ಹೀಗಾಗಿ ಹರಿಹರದಲ್ಲಿ ಫಿಟ್ಟರ್, ಟರ್ನರ್, ಮೋಲ್ಡರ್ ಎಂದು ಕೈಯ ಕೌಶಲದಿಂದಲೇ ಗುರುತಿಸಿಕೊಳ್ಳುವ ಒಂದು ವರ್ಗವೇ ಹುಟ್ಟಿತು. ದೊಡ್ಡ ಕಾರ್ಖಾನೆ ಮುಚ್ಚಿದ ಮೇಲೂ ಸಣ್ಣ ಸಣ್ಣ ವರ್ಕ್‌ಶಾಪ್‌ಗಳನ್ನು ನಡೆಸಬಲ್ಲ ಸಾಮರ್ಥ್ಯ ಆ ವರ್ಗಕ್ಕಿತ್ತು. ದಾವಣಗೆರೆಯ ಮಗ್ಗದವನಿಗೆ ಅದಿರಲಿಲ್ಲ, ಅವನ ಕೌಶಲ ಮಿಲ್ಲಿನ ಗೋಡೆಯೊಳಗಷ್ಟೇ ಬೆಲೆಯುಳ್ಳದ್ದು.

ಗಿರಣಿಯ ದಿನಗಳನ್ನು ಚಿನ್ನದ ಯುಗವೆಂದು ಬಣ್ಣಿಸುವವರಿದ್ದಾರೆ, ಅದನ್ನು ಒಪ್ಪಲಾಗದು. ಹತ್ತಿಯ ಧೂಳು ಶ್ವಾಸಕೋಶಕ್ಕೆ ಇಳಿಯುತ್ತಿತ್ತು, ಮಗ್ಗದ ಸದ್ದಿಗೆ ಕಿವಿ ಮಂದವಾಗುತ್ತಿತ್ತು. ಒಳಗೂ ಎರಡು ಜಾತಿಯ ಕಾರ್ಮಿಕರಿದ್ದರು: ಖಾಯಂ ಆದವರು ಮತ್ತು ಬದಲಿಗಳು. ಬದಲಿ ಕಾರ್ಮಿಕ ಪಾಳಿಯ ಹೊತ್ತಿಗೆ ಗೇಟಿನ ಬಳಿ ಬಂದು ನಿಲ್ಲಬೇಕು. ಖಾಯಂ ಆದವನೊಬ್ಬ ರಜೆ ಹಾಕಿದ್ದರೆ ಅಂದು ಅವನಿಗೆ ಕೂಲಿ, ಇಲ್ಲವಾದರೆ ಬರಿಗೈ. ಇಷ್ಟಿದ್ದರೂ ಗಿರಣಿ ಈ ಸೀಮೆಯ ದುಡಿಯುವ ಜನರಿಗೆ ಅದುವರೆಗೆ ಕಾಣದ ಒಂದನ್ನು ಕೊಟ್ಟಿತು: ವರ್ಷವಿಡೀ ಒಂದೇ ಲಯದಲ್ಲಿ ಸಾಗುವ ಕೆಲಸ. ಮಳೆ ಬಂದರೂ ಬಾರದಿದ್ದರೂ ಮೂರು ಪಾಳಿ, ವಾರದ ರಜೆ, ತಿಂಗಳ ಸಂಬಳ, ಬೋನಸ್, ಪಿಎಫ್. ಬದಲಿಯಾಗಿ ನಿಂತವನಿಗೂ ಎಂದಾದರೂ ಖಾಯಂ ಆಗುವ ಆಸೆ ಇತ್ತು, ಆ ಆಸೆಯನ್ನು ಹಕ್ಕಾಗಿ ಕೇಳಲು ಸಂಘವಿತ್ತು. ಕಾರ್ಮಿಕ ನಾಯಕ ಪಂಪಾಪತಿ ಕಮ್ಯುನಿಸ್ಟ್ ಪಕ್ಷದಿಂದ 1978, 1983, 1985ರ ಮೂರು ಚುನಾವಣೆಗಳಲ್ಲಿ ದಾವಣಗೆರೆಯ ಶಾಸಕರಾಗಿ ಗೆದ್ದದ್ದಕ್ಕೆ ಈ ಹಿನ್ನೆಲೆಯಿದೆ. ಒಂದೇ ಹೊತ್ತಿಗೆ ಒಂದೇ ಗೇಟಿನಿಂದ ಹೊರಬರುವ ಸಾವಿರಾರು ಜನ ಇದ್ದಾಗ ಮಾತ್ರ ಅಂಥ ರಾಜಕೀಯ ಸಾಧ್ಯ. ಬ್ರಿಟಿಷ್ ಮಾನವಶಾಸ್ತ್ರಜ್ಞ ಮಾರ್ಕ್ ಹೋಮ್‌ಸ್ಟ್ರಾಮ್ ಬೆಂಗಳೂರಿನ ಕಾರ್ಖಾನೆ ಕಾರ್ಮಿಕರನ್ನು ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಖಾಯಂ ನೌಕರಿಯನ್ನು ಕೋಟೆಗೆ ಹೋಲಿಸಿದರು: ಒಳಗಿದ್ದವರಿಗೆ ರಕ್ಷಣೆ, ಹೊರಗಿದ್ದವರಿಗೆ ಗೋಡೆ. ಮುಂದೆ ಅವರೇ ಈ ಹೋಲಿಕೆಯನ್ನು ಸಡಿಲಿಸಿದರು. ಒಳಗೆ ಹೊರಗೆಗಳ ನಡುವೆ ಹತ್ತಾರು ಮೆಟ್ಟಿಲುಗಳಿವೆ, ಜನ ಅದರಲ್ಲಿ ಏರುತ್ತಾ ಇಳಿಯುತ್ತಾ ಇರುತ್ತಾರೆ ಎಂದರು. ದಾವಣಗೆರೆಯ ಬದಲಿ ಕಾರ್ಮಿಕರಿಗೆ ಹೊಂದುವುದು ಈ ಎರಡನೆಯ ಮಾತೇ.

ಇದೇ ದಶಕಗಳಲ್ಲಿ ದಕ್ಷಿಣದ ಹೊಲಗಳಲ್ಲಿ ಇನ್ನೊಂದು ಬಗೆಯ ಕೆಲಸದ ಮಾರುಕಟ್ಟೆ ಹುಟ್ಟುತ್ತಿತ್ತು. 1947ರಲ್ಲಿ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕಾಮಗಾರಿ ಶುರುವಾಗಿ 1960ರ ದಶಕದಲ್ಲಿ ಮುಗಿಯಿತು. ಬಲದಂಡೆ ನಾಲೆ ಒಣಭೂಮಿಯನ್ನು ಸೀಳಿಕೊಂಡು ಬಂತು, ಮಲೆಬೆನ್ನೂರು ಶಾಖಾ ನಾಲೆ ಹರಿಹರ ತಾಲ್ಲೂಕಿನ ಹಳ್ಳಿಗಳನ್ನು ಭತ್ತದ ನಾಡಾಗಿಸಿತು. ಜೋಳ, ಸಾವೆ, ರಾಗಿಗಳ ಜಾಗದಲ್ಲಿ ವರ್ಷಕ್ಕೆ ಎರಡು ಭತ್ತದ ಬೆಳೆ ಬಂದವು. ಮಲೆಬೆನ್ನೂರಿನ ರಸ್ತೆಯಲ್ಲಿ ಅಕ್ಕಿ ಗಿರಣಿಗಳು ಎದ್ದವು. ಆಂಧ್ರದ ನಾಲೆ ಸೀಮೆಗಳಿಂದ ಅನುಭವಿ ರೈತರು ಬಂದು ಭೂಮಿ ಕೊಂಡು ಕ್ಯಾಂಪ್‌ಗಳನ್ನು ಕಟ್ಟಿದರು. ಭತ್ತಕ್ಕೆ ಆಳು ಬೇಕಾಗುವುದು ಒಮ್ಮೆಲೇ. ಸಸಿ ಮಡಿಯಲ್ಲಿ ಪೈರು ಮೂರು ನಾಲ್ಕು ವಾರ ಬೆಳೆದ ಮೇಲೆ ನಾಟಿ ತಡವಾದರೆ ಇಳುವರಿ ಕುಸಿಯುತ್ತದೆ. ಹಾಗಾಗಿ ನಾಲೆಗೆ ನೀರು ಬಿಟ್ಟ ಕೆಲವು ವಾರಗಳಲ್ಲಿ ಸುತ್ತಲಿನ ಎಲ್ಲ ಹೆಂಗಸರಿಗೂ ಕೆಲಸ, ಎಕರೆಯ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುವ ಗುಂಪುಗಳಿಗೆ ಬಿಡುವೇ ಇಲ್ಲ. ಆಮೇಲೆ ಕಳೆ ಕೀಳುವ ಕೆಲಸ, ಮತ್ತೆ ಒಂದಿಷ್ಟು ಖಾಲಿ, ಆಮೇಲೆ ಕೊಯ್ಲು. ಗಿರಣಿಯ ಪಾಳಿಯನ್ನು ಗಡಿಯಾರ ನಿರ್ಧರಿಸಿದರೆ ಇಲ್ಲಿನ ದುಡಿಮೆಯನ್ನು ನೀರಾವರಿ ಸಲಹಾ ಸಮಿತಿಯ ಸಭೆ ನಿರ್ಧರಿಸುತ್ತಿತ್ತು. ನೀರು ಎಂದು ಬಿಡುತ್ತಾರೆ, ಎಷ್ಟು ದಿನ ಬಿಡುತ್ತಾರೆ, ಕೊನೆ ಭಾಗದ ಹೊಲಕ್ಕೆ ಸರದಿ ಯಾವಾಗ ಬರುತ್ತದೆ ಎಂಬುದೇ ಭೂಮಿ ಇಲ್ಲದವಳ ಕೂಲಿಯ ಪಂಚಾಂಗ.

ನೀರಾವರಿ ಬಂದರೆ ಹಳ್ಳಿಯ ದುಡಿಮೆ ತಾನಾಗಿಯೇ ಸುಧಾರಿಸುತ್ತದೆ ಎಂಬ ನಂಬಿಕೆಯನ್ನು ಕರ್ನಾಟಕದ್ದೇ ಒಂದು ಹಳೆಯ ಅಧ್ಯಯನ ಪ್ರಶ್ನಿಸಿತ್ತು. ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದ ಮಧ್ಯದಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿದ್ದು ಅಲ್ಲಿನ ಆರ್ಥಿಕ ಬದುಕನ್ನು ದಾಖಲಿಸಿದರು. 1962ರಲ್ಲಿ ಬಂದ ಪುಸ್ತಕದಲ್ಲಿ ಅವಕ್ಕೆ ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳನ್ನಿಟ್ಟರು. ನಾಲೆಯ ನೀರು ಬಂದ ವಂಗಲದಲ್ಲಿ ಕಬ್ಬು, ಭತ್ತದಿಂದ ಹಣ ಹೆಚ್ಚಿತಾದರೂ ಒಕ್ಕಲಿಗ ರೈತರು ಮತ್ತು ದಲಿತ ಆಳುಗಳ ನಡುವಿನ ವಂಶಪಾರಂಪರ್ಯದ ಸಂಬಂಧ ಹಾಗೆಯೇ ಉಳಿಯಿತು. ಎತ್ತರದ ಜಾಗದಲ್ಲಿದ್ದುದರಿಂದ ನೀರು ಸಿಗದ ದಲೇನದ ಜನ ಮಂಡ್ಯ ಪೇಟೆಯ ಕೆಲಸ, ವ್ಯಾಪಾರ, ಗಾಡಿ, ನೌಕರಿ ಎಂದು ಹೊರಗೆ ಹರಡಿದರು, ಆ ಹಳೆಯ ಕಟ್ಟು ಸಡಿಲವಾಯಿತು. ಮಲೆಬೆನ್ನೂರು ಸೀಮೆಯಲ್ಲಿ ಈ ಎರಡೂ ದಾರಿಗಳು ಪಕ್ಕಪಕ್ಕದಲ್ಲೇ ಇದ್ದವು: ನೀರು ಹರಿಯುವ ಗದ್ದೆ ಒಂದು ಕಡೆ, ಇಪ್ಪತ್ತು ಕಿಲೊಮೀಟರ್‌ನಲ್ಲಿ ಹರಿಹರದ ಕಾರ್ಖಾನೆಯ ಗೇಟು ಇನ್ನೊಂದು ಕಡೆ. ಗದ್ದೆಯ ಕೂಲಿಗೆ ಹೋಗುವ ಮನೆಯ ಒಬ್ಬ ಮಗ ಪೇಟೆಯಲ್ಲಿ ಕೆಲಸಕ್ಕೆ ನಿಂತರೆ ಊರಿನಲ್ಲಿ ಕೂಲಿಯ ದರ ಕೇಳುವ ಧೈರ್ಯ ಮನೆಯ ಉಳಿದವರಿಗೂ ಬರುತ್ತದೆ. ಖಾಯಂ ಕೆಲಸ ಕೆಲವೇ ಜನರಿಗೆ ಸಿಕ್ಕಿದರೂ ಅದರ ಬೆಲೆ ಅವರಿಗಷ್ಟೇ ಸೀಮಿತವಲ್ಲ ಎನ್ನಲು ಇದೇ ಕಾರಣ.

ಈಗ ಲೆಕ್ಕದ ಪ್ರಶ್ನೆಗೆ ಬರೋಣ. 1961ರ ಜನಗಣತಿ ಹಂಗಾಮಿನ ಬಹುಪಾಲು ದಿನಗಳಲ್ಲಿ ದಿನಕ್ಕೆ ಒಂದು ಗಂಟೆಯಾದರೂ ದುಡಿದವರನ್ನು ಕೆಲಸಗಾರರೆಂದು ಎಣಿಸಿತು. 1971ರ ಗಣತಿ ಮುಖ್ಯ ಚಟುವಟಿಕೆ ಯಾವುದು ಎಂದು ಕೇಳಿತು. ನಾಟಿಗೂ ಹೋಗಿ ಮನೆಯನ್ನೂ ನೋಡಿಕೊಳ್ಳುವ ಹೆಂಗಸು ಈ ಪ್ರಶ್ನೆಗೆ ಮನೆಗೆಲಸ ಎಂದಳು, ಅಥವಾ ಅವಳ ಪರವಾಗಿ ಉತ್ತರ ಹೇಳಿದ ಗಂಡಸು ಹಾಗೆಂದ. ದೇಶದಲ್ಲಿ ದುಡಿಯುವ ಹೆಂಗಸರ ಪ್ರಮಾಣ ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಂತೆ ಕಾಣಿಸಿತು. ಹೊಲದಲ್ಲಿ ಅಂಥದ್ದೇನೂ ಆಗಿರಲಿಲ್ಲ, ಬದಲಾದದ್ದು ಪ್ರಶ್ನೆ. 1981ರಲ್ಲಿ ಮುಖ್ಯ ಕೆಲಸಗಾರರು, ಅಲ್ಪಾವಧಿ ಕೆಲಸಗಾರರು ಎಂದು ವಿಂಗಡಿಸಿ ತಪ್ಪನ್ನು ಸ್ವಲ್ಪ ಸರಿಪಡಿಸಿದರು. ಭದ್ರಾ ಅಚ್ಚುಕಟ್ಟು ಬೆಳೆದು ನಾಟಿ ಕೆಲಸ ಹೆಚ್ಚಿದ ದಶಕದಲ್ಲೇ ಗಣತಿಯ ಪುಟದಿಂದ ನಾಟಿ ಮಾಡುವವರು ಮಾಯವಾದದ್ದು ನೋವಿನ ಸಂಗತಿ. ಮಾದರಿ ಸಮೀಕ್ಷೆಯಲ್ಲೂ ಇಂಥವರಿಗೆ ಒಂದು ಸಂಕೇತಸಂಖ್ಯೆ ಇದೆ: 93. ಮನೆಗೆಲಸದ ಜೊತೆಗೆ ಸೌದೆ, ಮೇವು ತರುವವರು, ಹೊಲಿಗೆ ಮಾಡಿಕೊಳ್ಳುವವರು ಅದರಲ್ಲಿ ಸೇರುತ್ತಾರೆ. ಅವರು ಕೆಲಸಗಾರರೂ ಅಲ್ಲ, ನಿರುದ್ಯೋಗಿಗಳೂ ಅಲ್ಲ, ಲೆಕ್ಕದಿಂದಲೇ ಹೊರಗೆ.

ಲೆಕ್ಕದಿಂದ ಹೊರಗೆ ಉಳಿದವರು ಹೆಂಗಸರು ಮಾತ್ರವಲ್ಲ. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ನೀಲಗಿರಿ ಮರದಿಂದ ರೇಯಾನ್ ತಿರುಳು ತಯಾರಿಸಲು ಆರಂಭಿಸಿತು. ಅಲ್ಲಿ ಸಿಕ್ಕ ಉದ್ಯೋಗಗಳ ಲೆಕ್ಕ ಸುಲಭ, ಹಾಜರಿ ಪುಸ್ತಕದಲ್ಲಿದೆ. 1984ರಲ್ಲಿ ತುಂಗಭದ್ರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದಾಗ ಕೆಳಗಿನ ಹಳ್ಳಿಗಳ ಮೀನುಗಾರರು ಕಳೆದುಕೊಂಡ ದುಡಿಮೆಯ ದಿನಗಳಿಗೆ ಯಾವ ಹಾಜರಿ ಪುಸ್ತಕವೂ ಇರಲಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದನ್ನು ಪ್ರಶ್ನಿಸಿತು. ಕಾರ್ಖಾನೆಗೆ ನೀಲಗಿರಿ ಬೆಳೆಯಲೆಂದು ಹಳ್ಳಿಗಳ ಸಾಮುದಾಯಿಕ ಭೂಮಿಯನ್ನು ಕೊಟ್ಟಾಗ 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟು ಸತ್ಯಾಗ್ರಹ ಮಾಡಿದರು. ಮೇವು, ಸೌದೆ, ಮೀನು ಇವೆಲ್ಲ ಆ ಜನರಿಗೆ ಕೆಲಸವೇ ಆಗಿತ್ತು. ಅಧಿಕೃತ ಲೆಕ್ಕ ಅದನ್ನು ಹಾಗೆ ಕಂಡಿರಲಿಲ್ಲ.

ಗಿರಣಿಗಳ ಕುಸಿತ ಒಂದೇ ದಿನದ್ದಲ್ಲ. 1974ರಲ್ಲಿ ಕೇಂದ್ರ ಸರ್ಕಾರ ರೋಗಗ್ರಸ್ತ ಜವಳಿ ಗಿರಣಿಗಳನ್ನು ರಾಷ್ಟ್ರೀಕರಿಸಿದಾಗ ಪಟ್ಟಿಯಲ್ಲಿ ದಾವಣಗೆರೆ ಹೊರವಲಯದ ತೋಳಹುಣಸೆಯ ಯಲ್ಲಮ್ಮ ಮಿಲ್ಲೂ ಇತ್ತು. ಅಂದರೆ ಉಳಿದ ಗಿರಣಿಗಳು ಪೂರ್ಣ ವೇಗದಲ್ಲಿ ಓಡುತ್ತಿದ್ದಾಗಲೇ ಕಾಯಿಲೆ ಕಾಣಿಸಿಕೊಂಡಿತ್ತು. ಹಳೆಯ ಯಂತ್ರಗಳು, ಜಲವಿದ್ಯುತ್ತನ್ನೇ ನಂಬಿದ್ದ ರಾಜ್ಯದ ವಿದ್ಯುತ್ ಕಡಿತ, ಅಗ್ಗದ ಕೂಲಿಯಲ್ಲಿ ಬಟ್ಟೆ ನೇಯುವ ಪವರ್‌ಲೂಮ್‌ಗಳ ಪೈಪೋಟಿ, ಹತ್ತಿಗೆ ಬದಲು ಮೆಕ್ಕೆಜೋಳಕ್ಕೂ ಭತ್ತಕ್ಕೂ ಹೊರಳಿದ ಹೊಲಗಳು ಇವೆಲ್ಲ ಸೇರಿ 1980, 90ರ ದಶಕಗಳಲ್ಲಿ ಗಿರಣಿಗಳನ್ನು ಒಂದೊಂದಾಗಿ ನಿಲ್ಲಿಸಿದವು. ಹರಿಹರದ ಕಾರ್ಖಾನೆಗೆ ಪೆಟ್ಟು ಬಿದ್ದದ್ದು 1991ರ ನಂತರ. ಆಮದು ಸುಂಕ ಇಳಿದು ಹೊರದೇಶದ ಗಣಕಯಂತ್ರ ನಿಯಂತ್ರಿತ ಯಂತ್ರೋಪಕರಣಗಳು ಬಂದಮೇಲೆ ಹಳೆಯ ಮಾದರಿಯ ಲೇತ್‌ಗೆ ಬೇಡಿಕೆ ಕುಗ್ಗಿತು. ಶತಮಾನ ತಿರುಗುವ ಹೊತ್ತಿಗೆ ಕಾರ್ಖಾನೆಯ ಬಾಗಿಲು ಮುಚ್ಚಿತು. ಕಾನೂನಿನಲ್ಲಿ ಮುಚ್ಚುವುದೇನೂ ಸುಲಭವಿರಲಿಲ್ಲ. 1976ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಗೆ ಸೇರಿಸಿದ ಅಧ್ಯಾಯದ ಪ್ರಕಾರ 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು, 1982ರ ತಿದ್ದುಪಡಿ ಆ ಮಿತಿಯನ್ನು 100ಕ್ಕೆ ಇಳಿಸಿತು. ಆದರೆ ವಿದ್ಯುತ್ ಬಿಲ್ಲು ಕಟ್ಟದೆ, ಕಚ್ಚಾಮಾಲು ತರಿಸದೆ, ಸಂಬಳ ತಡಮಾಡುತ್ತಾ ಗಿರಣಿಯನ್ನು ನಿಲ್ಲಿಸುವುದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಹೀಗೆ ನಿಂತ ಗಿರಣಿಯ ಕಾರ್ಮಿಕನ ಹೆಸರು ಪುಸ್ತಕದಲ್ಲಿ ಖಾಯಂ ಆಗಿಯೇ ಇರುತ್ತದೆ, ಕೈಗೆ ಸಂಬಳ ಮಾತ್ರ ಬರುವುದಿಲ್ಲ. ಬಾಕಿಗಾಗಿ ನ್ಯಾಯಾಲಯ, ಸಮಾಪನಾಧಿಕಾರಿ, ಬ್ಯಾಂಕುಗಳ ನಡುವೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಸಂಘಗಳ ಹಟ, ಮುಷ್ಕರಗಳೇ ಗಿರಣಿಗಳನ್ನು ಮುಗಿಸಿದವು ಎಂಬ ಮಾತು ದಾವಣಗೆರೆಯಲ್ಲಿ ಈಗಲೂ ಕೇಳಿಬರುತ್ತದೆ. ಮುಷ್ಕರಗಳಿಂದ ನಷ್ಟವೇ ಆಗಲಿಲ್ಲ ಎಂದು ಹೇಳುವುದು ಪ್ರಾಮಾಣಿಕವಾಗದು. 1982ರ ಮುಂಬಯಿ ಜವಳಿ ಮುಷ್ಕರದ ನಂತರ ಅನೇಕ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಆದರೆ ಮುಷ್ಕರವೇ ಮೂಲ ಕಾರಣವಾಗಿದ್ದರೆ ಅಹಮದಾಬಾದಿನ ಗಿರಣಿಗಳು ಉಳಿಯಬೇಕಿತ್ತು. ಅಲ್ಲಿನ ಮಜೂರ್ ಮಹಾಜನ ಸಂಘ 1920ರಲ್ಲಿ ಗಾಂಧೀಜಿ ಮತ್ತು ಅನಸೂಯಾ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ಹುಟ್ಟಿದ್ದು, ಮಧ್ಯಸ್ಥಿಕೆ ಮತ್ತು ಸಂಧಾನವನ್ನೇ ನಂಬಿದ್ದು. ಮುಷ್ಕರಕ್ಕೆ ಹೆಸರಾದ ಮುಂಬಯಿಯಲ್ಲೂ ಸಂಧಾನಕ್ಕೆ ಹೆಸರಾದ ಅಹಮದಾಬಾದಿನಲ್ಲೂ ಗಿರಣಿಗಳು ಅದೇ ಎರಡು ದಶಕಗಳಲ್ಲಿ ಮುಚ್ಚಿದವು. ಪವರ್‌ಲೂಮ್, ಹಳೆಯ ಯಂತ್ರ, ನವೀಕರಣಕ್ಕೆ ಹಾಕದ ಬಂಡವಾಳ ಇವು ಎರಡೂ ಕಡೆ ಸಮಾನ. ದಾವಣಗೆರೆಯಲ್ಲಿ ಕಾರಣ ಹುಡುಕುವವರು ಮೊದಲು ಅಲ್ಲಿ ನೋಡಬೇಕು.

ಗಿರಣಿ ಬಿಟ್ಟವರಿಗೆ ಊರು ಕೊಟ್ಟ ಕೆಲಸಗಳು ಯಾವುವು? ಆಟೋ, ಹೋಟೆಲು, ತಳ್ಳುಗಾಡಿ, ಎಪಿಎಂಸಿಯ ಹಮಾಲಿ, ಕಟ್ಟಡದ ಗಾರೆ ಕೆಲಸ, ಕಾವಲು, ಮಂಡಕ್ಕಿ ಭಟ್ಟಿ. ಭಟ್ಟಿಯ ಕೆಲಸ ಬೆಳಗಾಗುವ ಮುಂಚೆಯೇ ಶುರು. ಬಿಸಿ ಮರಳಿನಲ್ಲಿ ಅಕ್ಕಿ ಹುರಿಯುವವನು ಹೊಗೆಯ ಮುಂದೆ ನಿಂತರೆ ಒಣಗಿಸುವುದು, ಜರಡಿ ಹಿಡಿಯುವುದು, ಚೀಲ ತುಂಬುವುದು ಮನೆಯ ಹೆಂಗಸರ, ಮಕ್ಕಳ ಪಾಲು. ಬೀಡಿ ಸುತ್ತುವ ಮನೆಗಳಲ್ಲಿ ಎಲೆ, ತಂಬಾಕು ಕೊಡುವ ಗುತ್ತಿಗೆದಾರ ಸಾವಿರದ ಲೆಕ್ಕದಲ್ಲಿ ಕೂಲಿ ಕೊಡುತ್ತಾನೆ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಸುತ್ತುವವರನ್ನೂ ಕಾರ್ಮಿಕರೆಂದೇ ಒಪ್ಪಿತ್ತಾದರೂ ಅವರ ಬಳಿ ಗುರುತಿನ ಚೀಟಿ ಇರಬೇಕಿತ್ತಲ್ಲ. ಅಹಮದಾಬಾದಿನಲ್ಲಿ ಗಿರಣಿ ಕಳೆದುಕೊಂಡವರನ್ನು ಅಧ್ಯಯನ ಮಾಡಿದ ಡಚ್ ವಿದ್ವಾಂಸ ಯಾನ್ ಬ್ರೆಮನ್ 2004ರ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ: ಗಂಡಸಿನ ಒಂದು ಸಂಬಳ ಹೋದ ಜಾಗವನ್ನು ತುಂಬಲು ಮನೆಯ ಎಲ್ಲರೂ ಕಡಿಮೆ ಕೂಲಿಯ ಕೆಲಸಕ್ಕೆ ಇಳಿಯಬೇಕಾಯಿತು. ಯೂರೋಪಿನಲ್ಲಿ ಆದದ್ದು ಬೇರೆ. ಆಸ್ಟ್ರಿಯಾದ ಮಾರಿಯೆಂತಾಲ್ ಎಂಬ ಸಣ್ಣ ಊರಿನ ನೂಲಿನ ಗಿರಣಿ ಮುಚ್ಚಿದ ಮೇಲೆ ಮರೀ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಅಲ್ಲಿ ಹೋಗಿ ನೋಡಿ 1933ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರು ಬೀದಿಯಲ್ಲಿ ನಿಧಾನವಾಗಿ ನಡೆಯುತ್ತಾರೆ, ನಡುನಡುವೆ ನಿಲ್ಲುತ್ತಾರೆ, ಗ್ರಂಥಾಲಯದಿಂದ ಪುಸ್ತಕ ಒಯ್ಯುವುದನ್ನೂ ಕಡಿಮೆ ಮಾಡುತ್ತಾರೆ. ಅಲ್ಲಿ ಸಣ್ಣದಾದರೂ ನಿರುದ್ಯೋಗ ಭತ್ಯೆ ಇತ್ತು. ದಾವಣಗೆರೆಯಲ್ಲಿ ಹಾಗೆ ನಿಧಾನವಾಗಿ ನಡೆಯಲು ಯಾರಿಗೂ ಸಾಧ್ಯವಿರಲಿಲ್ಲ. ಕೆಲಸವಿಲ್ಲದೆ ಇರುವುದಕ್ಕೂ ಒಂದಿಷ್ಟು ಆಸರೆ ಬೇಕು, ಇಲ್ಲಿನ ಬಡವರಿಗೆ ಅದಿರಲಿಲ್ಲ.

ಈ ಮಾತಿಗೆ ಬರುವ ಬಲವಾದ ಆಕ್ಷೇಪವೆಂದರೆ ದಾವಣಗೆರೆ ಸಾಯಲಿಲ್ಲ, ಬೆಳೆಯಿತು ಎಂಬುದು. ಅದು ನಿಜ. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆಜೆಎಂ ವೈದ್ಯಕೀಯ ಕಾಲೇಜು, 1979ರ ಬಿಐಇಟಿ ಎಂಜಿನಿಯರಿಂಗ್ ಕಾಲೇಜು ಊರನ್ನು ವಿದ್ಯಾಕೇಂದ್ರವಾಗಿಸಿದವು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲಾಕೇಂದ್ರವಾಯಿತು, ಯಲ್ಲಮ್ಮ ಮಿಲ್ಲಿದ್ದ ತೋಳಹುಣಸೆಯಲ್ಲೇ 2009ರಲ್ಲಿ ವಿಶ್ವವಿದ್ಯಾನಿಲಯ ಬಂತು. ಗಿರಣಿ ಹೋದ ಜಾಗವನ್ನು ಕಾಲೇಜು, ಆಸ್ಪತ್ರೆ, ಹೋಟೆಲು ತುಂಬಿದವು ಎನ್ನುವುದು ಊರಿನ ವಹಿವಾಟಿನ ಮಟ್ಟಿಗೆ ಸರಿ. ಆದರೆ ಒಬ್ಬ ನೇಕಾರನ ಬದಲಿಗೆ ಒಬ್ಬ ಉಪನ್ಯಾಸಕ ಬಂದರೆ ಸಂಖ್ಯೆ ಸಮವಾಯಿತು, ಮನುಷ್ಯ ಬೇರೆಯಾದ. ಐವತ್ತರ ಹತ್ತಿರದ ನೇಕಾರನಿಗೆ ಕಾಲೇಜಿನಲ್ಲಿ ಸಿಗಬಹುದಾದದ್ದು ಗೇಟು ಕಾಯುವ ಕೆಲಸ, ಅದೂ ಗುತ್ತಿಗೆಯ ಮೇಲೆ. ಅವನ ಮಕ್ಕಳಿಗೆ ಮುಂದೆ ಆ ಕಾಲೇಜು ಸಿಕ್ಕಿರಬಹುದು, ಅದು ಸಣ್ಣ ಮಾತಲ್ಲ. ಆದರೂ ನಡುವಿನ ಹತ್ತು ಹದಿನೈದು ವರ್ಷಗಳನ್ನು ಆ ಮನೆ ಯಾವ ಕೂಲಿಯಲ್ಲಿ ದಾಟಿತು ಎಂಬುದನ್ನು ಊರಿನ ಒಟ್ಟು ಬೆಳವಣಿಗೆ ಹೇಳಲಾರದು.

ಇನ್ನೊಂದು ಆಕ್ಷೇಪ ಅಂಕಿಅಂಶದ್ದು: ದೊಡ್ಡ ನಿರುದ್ಯೋಗ ಇದ್ದಿದ್ದರೆ ಸಮೀ‌ಕ್ಷೆಯಲ್ಲಿ ಕಾಣಬೇಕಿತ್ತಲ್ಲ? ಯಾವ ಸಾಲನ್ನು ಓದುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. 2004–05ರ ಸಮೀಕ್ಷೆಯ ಪ್ರಕಾರ ವಾಡಿಕೆಯ ಸ್ಥಿತಿಯಲ್ಲಿ, ಅಂದರೆ ಇಡೀ ವರ್ಷವನ್ನು ನೋಡುವ ಲೆಕ್ಕದಲ್ಲಿ, ದೇಶದ ನಿರುದ್ಯೋಗ ಶೇ. 2.3, ಅದೇ ಸಮೀಕ್ಷೆಯ ದೈನಂದಿನ ಸ್ಥಿತಿಯಲ್ಲಿ, ಅಂದರೆ ಅರ್ಧ ದಿನಗಳನ್ನು ಎಣಿಸುವ ಲೆಕ್ಕದಲ್ಲಿ, ಶೇ. 8ಕ್ಕಿಂತ ಹೆಚ್ಚು. ಅದೇ ಜನ, ಅದೇ ವರ್ಷ, ಲೆಕ್ಕ ಮಾಡುವ ಬಗೆ ಮಾತ್ರ ಬೇರೆ. ಮಲೆಬೆನ್ನೂರಿನ ಕೂಲಿಗಾರಳೊಬ್ಬಳು ಏಪ್ರಿಲ್‌ನ ಒಂದು ವಾರದಲ್ಲಿ ಒಂದು ದಿನ ಕಳೆ ಕಿತ್ತು, ಉಳಿದ ಆರು ದಿನ ಕೆಲಸಕ್ಕೆ ಸಿದ್ಧಳಿದ್ದೂ ಯಾರೂ ಕರೆಯಲಿಲ್ಲ ಎಂದುಕೊಳ್ಳೋಣ. ವಾರದಲ್ಲಿ ಒಂದು ಗಂಟೆ ದುಡಿದರೂ ಸಾಕು ಎನ್ನುವ ವಾರದ ಸ್ಥಿತಿಯಲ್ಲಿ ಅವಳು ಉದ್ಯೋಗಿ. ವರ್ಷದ ಲೆಕ್ಕದಲ್ಲೂ ಉದ್ಯೋಗಿ. ದಿನದ ಲೆಕ್ಕದಲ್ಲಿ ಮಾತ್ರ ಏಳರಲ್ಲಿ ಆರು ದಿನ ನಿರುದ್ಯೋಗಿ. ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ 1973ರಲ್ಲೇ ನಿರುದ್ಯೋಗವನ್ನು ಸಮಯ, ಆದಾಯ, ದುಡಿಯುವ ಇಚ್ಛೆ, ಉತ್ಪಾದಕತೆ ಎಂಬ ನಾಲ್ಕು ಅಳತೆಗಳಲ್ಲಿ ನೋಡಬೇಕೆಂದಿದ್ದರು. ಗಿರಣಿಯಿಂದ ಭಟ್ಟಿಗೆ ಬಂದವನು ಸಮಯದ ಅಳತೆಯಲ್ಲಿ ಮೊದಲಿಗಿಂತ ಹೆಚ್ಚೇ ದುಡಿಯುತ್ತಿರಬಹುದು, ಆದಾಯದ ಅಳತೆಯಲ್ಲಿ ಕುಸಿದಿರುತ್ತಾನೆ.

ಇಷ್ಟು ಸೂಕ್ಷ್ಮವಾಗಿ ಅಳೆಯುವುದು ಅಸಾಧ್ಯ, ಬರಿಯ ಖರ್ಚು ಎನ್ನುವವರಿಗೆ ಉತ್ತರವಾಗಿ 1972–73ರ ಆ ಸಮೀಕ್ಷೆಯೇ, ಅಂದರೆ ಮಾದರಿ ಸಮೀಕ್ಷೆಯ 27ನೇ ಸುತ್ತೇ, ಇದೆ. ಐವತ್ತು ವರ್ಷದ ಹಿಂದೆ, ಕಾಗದ ಪೆನ್ಸಿಲ್ಲಿನಲ್ಲಿ ಅದನ್ನು ಮಾಡಿ ತೋರಿಸಿದ್ದರು. 2017ರಿಂದ ನಡೆಯುತ್ತಿರುವ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆಯ ವರದಿಗಳು ವಾಡಿಕೆಯ ಸ್ಥಿತಿ ಮತ್ತು ವಾರದ ಸ್ಥಿತಿಗಳನ್ನೇ ಮುಂದಿಟ್ಟು ದಿನದ ಲೆಕ್ಕವನ್ನು ಹಿಂದೆ ಸರಿಸಿವೆ. ಅದೇ ಸಮೀಕ್ಷೆಯಲ್ಲಿ ಹದಿನೈದು ದಾಟಿದ ಹೆಂಗಸರಲ್ಲಿ ದುಡಿಮೆಯಲ್ಲಿ ತೊಡಗಿದವರು ಮತ್ತು ಕೆಲಸ ಹುಡುಕುವವರ ಪ್ರಮಾಣ 2017–18ರ ಶೇ. 23.3ರಿಂದ 2023–24ಕ್ಕೆ ಶೇ. 41.7ಕ್ಕೆ ಏರಿದೆ. ಇದನ್ನು ಸಾಧನೆ ಎನ್ನುವ ಮುನ್ನ ಆ ಏರಿಕೆಯ ದೊಡ್ಡ ಪಾಲು ಸ್ವಂತ ಹೊಲ, ಸ್ವಂತ ಅಂಗಡಿಯಲ್ಲಿ ಸಂಬಳವಿಲ್ಲದೆ ನೆರವಾಗುವವರದು ಎಂಬುದನ್ನು ನೋಡಬೇಕು.

ಮಲೆಬೆನ್ನೂರಿನ ಗದ್ದೆಗಳಲ್ಲಿ ಈಗಿನ ಬದಲಾವಣೆ ಅಂಕಿಗಿಂತ ವೇಗವಾಗಿದೆ. ಕೊಯ್ಲು ಬಹುಪಾಲು ಕಟಾವು ಯಂತ್ರಕ್ಕೆ ಹೋಗಿದೆ. ಕಳೆನಾಶಕ ಬಂದು ಕಳೆ ಕೀಳುವ ಕೂಲಿ ಕುಗ್ಗಿದೆ. ನೀರು ನಂಬಲಾಗದು ಎಂದು ಗದ್ದೆಯನ್ನು ಅಡಿಕೆ ತೋಟ ಮಾಡುವವರು ಹೆಚ್ಚಿದ್ದಾರೆ. ಅಡಿಕೆಯ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರ ತನ್ನದೇ ಆಳು ತರುತ್ತಾನೆ, ಕೊನೆ ಇಳಿಸುವವರು ಗಂಡಸರು, ಹೆಂಗಸರಿಗೆ ಸುಲಿಯುವ ಹಂಗಾಮು ಮಾತ್ರ. ಆಳು ಸಿಗುವುದಿಲ್ಲ ಎಂದು ರೈತರು ಹೇಳುವುದೂ ಕೆಲಸ ಸಿಗುವುದಿಲ್ಲ ಎಂದು ಕೂಲಿಗಾರರು ಹೇಳುವುದೂ ಒಂದೇ ಊರಿನಲ್ಲಿ ಒಟ್ಟಿಗೆ ನಿಜ. ನಾಟಿಯ ಮೂರು ವಾರದಲ್ಲಿ ಮೊದಲನೆಯದು, ಉಳಿದ ತಿಂಗಳುಗಳಲ್ಲಿ ಎರಡನೆಯದು. 2006ರಲ್ಲಿ ಉದ್ಯೋಗ ಖಾತ್ರಿ ಆರಂಭವಾದಾಗ ಕರ್ನಾಟಕದ ಮೊದಲ ಐದು ಜಿಲ್ಲೆಗಳಲ್ಲಿ ದಾವಣಗೆರೆಯೂ ಇತ್ತು. ನೂರು ದಿನಗಳ ಆ ಭರವಸೆ ತುಂಬಬೇಕಾಗಿದ್ದದ್ದು ಇದೇ ಖಾಲಿ ತಿಂಗಳುಗಳನ್ನು. 2023ರಲ್ಲಿ ಮುಂಗಾರು ಕೈಕೊಟ್ಟು ಭದ್ರಾ ಬಲದಂಡೆಗೆ ನೀರು ಬಿಟ್ಟು ನಿಲ್ಲಿಸುವ ಕ್ರಮ ಬಂದಾಗ ದಾವಣಗೆರೆಯಲ್ಲಿ ರೈತರು ಬೀದಿಗಿಳಿದರು. ಬೆಳೆ ಹೋದ ರೈತನಿಗೆ ಪರಿಹಾರ ಕೇಳಲು ಪಹಣಿ ಇದೆ. ಅದೇ ಗದ್ದೆಯಲ್ಲಿ ನಾಟಿಯ ದಿನಗಳನ್ನು ಕಳೆದುಕೊಂಡವಳಿಗೆ ತೋರಿಸಲು ಏನೂ ಇಲ್ಲ.

2025ರ ಜನವರಿಯಿಂದ ಶ್ರಮಶಕ್ತಿ ಸಮೀಕ್ಷೆಯ ಮಾದರಿಯನ್ನು ಜಿಲ್ಲೆಯನ್ನೇ ಘಟಕವಾಗಿಟ್ಟುಕೊಂಡು ಆರಿಸುತ್ತಿದ್ದಾರೆ, ತಿಂಗಳ ಅಂದಾಜುಗಳೂ ಬರುತ್ತಿವೆ. ದಾವಣಗೆರೆ ಜಿಲ್ಲೆಗೆ ತನ್ನದೇ ಅಂಕಿ ಸಿಗುವ ಸಾಧ್ಯತೆ ಇದರಿಂದ ಮೊದಲಿಗಿಂತ ಹೆಚ್ಚಿದೆ. ಅದು ವಾರಕ್ಕೊಂದು ಗಂಟೆಯ ಅಳತೆಯಲ್ಲಿ ಬಂದರೆ ಜಿಲ್ಲೆಯಲ್ಲಿ ನಿರುದ್ಯೋಗ ಅತ್ಯಲ್ಪ ಎಂದೇ ಹೇಳುತ್ತದೆ. ನಾಲೆಯಲ್ಲಿ ನೀರಿರುವ ಆಗಸ್ಟ್‌ನಲ್ಲೂ ನಾಲೆ ಒಣಗಿದ ಮೇ ತಿಂಗಳಲ್ಲೂ ಅದೇ ಹಳ್ಳಿಗಳಿಗೆ ಹೋಗಿ, ಗಂಡಸರಿಗೂ ಹೆಂಗಸರಿಗೂ ಬೇರೆಬೇರೆಯಾಗಿ, ಏಳು ದಿನಗಳನ್ನು ಅರ್ಧರ್ಧ ಮಾಡಿ ಕೇಳಿದರೆ ಮಾತ್ರ ಮಲೆಬೆನ್ನೂರಿನ ಒಂದು ಮನೆಗೆ ವರ್ಷಕ್ಕೆ ಎಷ್ಟು ದಿನ ಕೂಲಿ ಸಿಗುತ್ತಿದೆ ಎಂದು ಬರೆಯಬಹುದು. ಉದ್ಯೋಗ ಖಾತ್ರಿಯ ಕೆಲಸ ಯಾವ ತಿಂಗಳಲ್ಲಿ ತೆರೆಯಬೇಕು, ನೀರು ನಿಲ್ಲಿಸಿದ ವರ್ಷ ಪರಿಹಾರ ಯಾರಿಗೆಲ್ಲ ತಲುಪಬೇಕು ಎಂದು ಜಿಲ್ಲಾಡಳಿತ ತೀರ್ಮಾನಿಸಲು ಬೇಕಾಗಿರುವುದು ಆ ಲೆಕ್ಕ.